ತಳಿ ಆರಿಸುವ ಮುನ್ನ ಮನೆಯ ದಿನಚರಿ ಬರೆದುಕೊಳ್ಳಿ

ನಾಯಿ ಸಾಕಲು ಮನೆಯವರೆಲ್ಲ ಒಪ್ಪಿದರೆ, ಮರಿಗಳ ಫೋಟೊ ನೋಡಲು ಕೂರುವ ಮುನ್ನ ಒಂದು ವಾರದ ದಿನಚರಿಯನ್ನು ಹಾಳೆಯ ಮೇಲೆ ಬರೆಯಿರಿ. ಯಾರು ಎಷ್ಟು ಹೊತ್ತಿಗೆ ಹೊರಡುತ್ತಾರೆ, ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ವಾಹನ ದಟ್ಟಣೆ ದಾಟಿ ಎಷ್ಟಕ್ಕೆ ಮರಳುತ್ತಾರೆ, ಮನೆಗೆ ಎಷ್ಟು ಗಂಟೆ ಬೀಗ ಬಿದ್ದಿರುತ್ತದೆ ಎಂಬುದು ಅದರಲ್ಲಿರಲಿ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನೂ ಆಗಲೇ ಕೇಳಿಬಿಡಿ.

ಎರಡನೆಯದು ತಾಲೀಮು. ಹದಿನೈದು ದಿನ ಬೆಳಿಗ್ಗೆ ಆರಕ್ಕೆ ಎದ್ದು, ನಾಯಿಯಿಲ್ಲದೆಯೇ ಅರ್ಧ ಗಂಟೆ ಬೀದಿ ಸುತ್ತಿ ಬನ್ನಿ, ಸಂಜೆಯೂ ಅಷ್ಟೇ. ನಾನು ಇದನ್ನು ಮಾಡಿದಾಗ ಆರನೆಯ ದಿನ ಮಳೆ ಬಂತು, ಹೊದಿಕೆಯೊಳಗೇ ಉಳಿದೆ. ಲ್ಯಾಬ್ರಡಾರ್ ತರುವ ಯೋಚನೆಯನ್ನು ಅಂದೇ ಕೈಬಿಟ್ಟೆ. ಮೂವತ್ತು ಕೆ.ಜಿ.ಗೂ ಹೆಚ್ಚು ತೂಗಬಲ್ಲ ಆ ನಾಯಿ ಮಕ್ಕಳೊಂದಿಗೆ ಸಲೀಸಾಗಿ ಬೆರೆಯುತ್ತದೆ ನಿಜ, ಆದರೆ ಓಡಾಟವಿಲ್ಲದಿದ್ದರೆ ಬೇಗ ಬೊಜ್ಜು ಬೆಳೆಸಿಕೊಳ್ಳುತ್ತದೆ. ಅದು ಚೈನು ಜಗ್ಗಿದರೆ ಅಜ್ಜ ಅಜ್ಜಿಯರಿಗೆ ತಡೆಯಲಾಗದು ಎಂಬುದನ್ನೂ ಮರೆಯಬೇಡಿ.

ಮೂರನೆಯ ಹಂತದಲ್ಲಿ, ಆ ತಳಿಯನ್ನು ಮೂಲತಃ ಯಾವ ಕೆಲಸಕ್ಕಾಗಿ ಬೆಳೆಸಿದರು ಎಂದು ವಿಚಾರಿಸಿ. ಅದರ ಸ್ವಭಾವದ ಮುಕ್ಕಾಲು ಪಾಲು ಅಲ್ಲೇ ತಿಳಿಯುತ್ತದೆ. ಬೀಗಲ್ ಗುಂಪಿನಲ್ಲಿ ಮೊಲ ಬೇಟೆಯಾಡುತ್ತಿದ್ದ ನಾಯಿ. ಗಾತ್ರ ಚಿಕ್ಕದೆಂದು ಅದನ್ನು ಫ್ಲ್ಯಾಟಿಗೆ ತರುವವರಿದ್ದಾರೆ, ಆದರೆ ಒಂಟಿತನ ಅದಕ್ಕೆ ಆಗಿಬರುವುದಿಲ್ಲ. ನಮ್ಮ ಮೇಲಿನ ಮಹಡಿಯ ಬೀಗಲ್, ಲಿಫ್ಟ್ ಬಾಗಿಲು ಮುಚ್ಚಿದ ಸದ್ದಿಗೆ ಊಳಿಡಲು ತೊಡಗಿದರೆ ಮಧ್ಯಾಹ್ನದವರೆಗೂ ನಿಲ್ಲಿಸುತ್ತಿರಲಿಲ್ಲ. ಕಣ್ಣಿನಿಂದಲೇ ಬೇಟೆ ಹಿಡಿಯುವ ನಮ್ಮ ಬಾಗಲಕೋಟೆ ಸೀಮೆಯ ಮುಧೋಳ ನಾಯಿಗೆ ಓಡಲು ಬಯಲು ಬೇಕು. ಭಾರತೀಯ ಸೇನೆಯೂ 2016ರಲ್ಲಿ ಅದರ ಮರಿಗಳನ್ನು ತರಬೇತಿಗೆ ಪಡೆದಿತ್ತು. ಕಾಂಪೌಂಡ್ ಇರುವ, ಓಡಿಸಲು ಬಿಡುವಿರುವ ಮನೆಗೆ ಮಾತ್ರ ಅದು ಹೊಂದೀತು.

ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬೆಂಗಳೂರು ತಂಪಿನ ಊರೆಂಬ ಹಳೆಯ ನಂಬಿಕೆ 2024ರ ಏಪ್ರಿಲ್‌ನಲ್ಲಿ, ತಾಪಮಾನ 38 ಡಿಗ್ರಿ ಮುಟ್ಟಿದಾಗ, ಕರಗಿಹೋಯಿತು. ಹಿಮದ ನಾಡಿನಲ್ಲಿ ಬಂಡಿ ಎಳೆಯುವ ಹಸ್ಕಿಯನ್ನು ಇಲ್ಲಿ ಸಾಕುವುದು, ನನ್ನ ಮಟ್ಟಿಗೆ, ಆಸೆಯ ಹೆಸರಿನ ಹಿಂಸೆ. ಚಪ್ಪಟೆ ಮೂತಿಯ ಪಗ್ ಬಿಸಿಲಿನಲ್ಲಿ ಏದುಸಿರು ಬಿಡುತ್ತದೆ. ಅದನ್ನು ತರುವುದಾದರೆ ನಡಿಗೆ ಬಿಸಿಲೇರುವ ಮೊದಲೇ ಮುಗಿಯಬೇಕು.

ಇಷ್ಟೆಲ್ಲ ಅಳೆದ ಮೇಲೆ ಹಲವರ ಹಾಳೆಗೆ ಹೊಂದುವುದು ನಾಡನಾಯಿಯೇ. ಇಲ್ಲಿನ ಹವೆ ಅದಕ್ಕೆ ಒಗ್ಗಿದೆ, ತುಪ್ಪಳದ ಆರೈಕೆಯೂ ಕಡಿಮೆ. ಆಶ್ರಯಧಾಮದಿಂದ ಬೆಳೆದ ನಾಯಿಯನ್ನು ತಂದರೆ ಅದರ ಸ್ವಭಾವ ಮೊದಲೇ ಕಾಣುವುದರಿಂದ ಊಹೆಯ ಕೆಲಸ ತಪ್ಪುತ್ತದೆ.

ಮರಿ ಕೊಳ್ಳುವುದೇ ಆದರೆ ಎಂಟು ವಾರ ತುಂಬಿರಲಿ. ಅದಕ್ಕೆ ಮೊದಲು ಮಾರುವುದನ್ನು 2017ರ ನಾಯಿ ತಳಿ ಸಂವರ್ಧನೆ ನಿಯಮಗಳು ನಿಷೇಧಿಸಿವೆ. ತಾಯಿಯನ್ನು ತೋರಿಸಲು ಹಿಂಜರಿಯುವವರ ಬಳಿ ಮುಂಗಡ ಕೊಡಬೇಡಿ. ಮನೆಗೆ ತಂದ ವಾರದೊಳಗೆ ಪಶುವೈದ್ಯರಿಗೆ ತೋರಿಸಿ ಲಸಿಕೆಗಳ ದಿನಾಂಕ ಗುರುತು ಹಾಕಿಸಿಕೊಳ್ಳಿ, ಪಾಲಿಕೆಯ ಪರವಾನಗಿಗೂ ಅರ್ಜಿ ಹಾಕಿ.