ಹಳೇ ಟ್ರಂಪೆಟ್ ಕೊಳ್ಳುವಾಗ ಹೊಳಪು ಬಿಡಿ, ಪಿಸ್ಟನ್ ನೋಡಿ

ನನ್ನ ಮೊದಲ ಟ್ರಂಪೆಟ್ ಫಳಫಳ ಹೊಳೆಯುತ್ತಿತ್ತು. ಅದಕ್ಕೇ ತಗೊಂಡೆ. ಒಂದು ತಿಂಗಳು ಕೆನ್ನೆ ನೋಯುವಷ್ಟು ಊದಿದರೂ ಮೇಲಿನ ಸ್ವರಗಳು ಬರಲೇ ಇಲ್ಲ, ಇದು ನನ್ನ ಕೈಲಾಗುವ ಕೆಲಸ ಅಲ್ಲ ಅಂತ ಮೂಲೆಗಿಟ್ಟೆ. ಆಮೇಲೆ ಮದುವೆ ಬ್ಯಾಂಡ್‌ಸೆಟ್‌ನಲ್ಲಿ ಊದುತ್ತಿದ್ದ ಹಿರಿಯರೊಬ್ಬರು ಅದನ್ನು ಕೈಗೆ ತಗೊಂಡು ಎರಡೇ ನಿಮಿಷದಲ್ಲಿ ಹೇಳಿದರು: "ಸಾರ್, ನಿಮ್ಮ ಉಸಿರು ಚೆನ್ನಾಗೇ ಇದೆ. ಪಿಸ್ಟನ್ ಸವೆದುಹೋಗಿದೆ, ಗಾಳಿ ಎಲ್ಲಾ ಅಲ್ಲೇ ಸೋರ್ತಾ ಇದೆ." ಪಿಸ್ಟನ್ ಅಂದರೆ ಬೆರಳಿನಲ್ಲಿ ಒತ್ತುವ ಮೂರು ಗುಂಡಿಗಳ ಕೆಳಗೆ, ಕೊಳವೆಯೊಳಗೆ ಮೇಲೆ ಕೆಳಗೆ ಓಡಾಡುವ ಲೋಹದ ತುಂಡು.

ಹಳೇ ವಾದ್ಯ ಕೊಳ್ಳುವ ಹೊಸಬರಿಗೆ ಹೀಗಾಗಬಾರದು. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲು, ಯಾವಾಗ ಹುಡುಕಬೇಕು ಅಂತ. ಆಷಾಢದಲ್ಲಿ ಹುಡುಕಿ. ಮದುವೆ ಇರುವುದಿಲ್ಲ, ಬ್ಯಾಂಡ್‌ನವರಿಗೆ ಬಿಡುವು, ಪೆಟ್ಟಿಗೆಯಲ್ಲಿ ಸುಮ್ನೆ ಬಿದ್ದಿರುವ ವಾದ್ಯ ಆಗಲೇ ಹೊರಗೆ ಬರುವುದು, ರಿಪೇರಿಯವರೂ ಕೂತು ಮಾತಾಡಲು ಸಿಗುವುದು ಆಗಲೇ. ಗಣೇಶನ ಹಬ್ಬ ಹತ್ತಿರ ಬಂದರೆ ಯಾರೂ ಕೈಗೆ ಸಿಗುವುದಿಲ್ಲ. ಬೆಂಗಳೂರಿನವರಾದರೆ ಬಳೇಪೇಟೆಯ ವಾದ್ಯದ ಅಂಗಡಿಗಳಲ್ಲಿ ಒಮ್ಮೆ ವಿಚಾರಿಸಿ. ನಮ್ಮ ಬ್ಯಾಂಡ್‌ಸೆಟ್‌ಗಳಲ್ಲಿ ಕಾಣುವ ವಾದ್ಯಗಳು ಜಾಸ್ತಿ ಉತ್ತರ ಪ್ರದೇಶದ ಮೀರತ್‌ನಿಂದ, ಅಲ್ಲಿನ ಜಲಿ ಕೋಠಿ ಕಡೆಯಿಂದ ಬಂದವು. ಅವುಗಳಲ್ಲಿ ಒಳ್ಳೆಯದೂ ಇದೆ, ಒರಟೂ ಇದೆ, ಒಂದೊಂದನ್ನೂ ಬಿಡಿಯಾಗಿ ನೋಡಬೇಕು. ಯಮಹಾದ ವಿದ್ಯಾರ್ಥಿ ಮಾದರಿ ಹಳೆಯದು ಸಿಕ್ಕರೆ ನಾನಂತೂ ಸ್ವಲ್ಪ ಜಾಸ್ತಿ ಕೊಟ್ಟಾದರೂ ತಗೊಳ್ಳುತ್ತೇನೆ.

ಈಗ ಪಿಸ್ಟನ್ ವಿಷಯ. ಮೂರನ್ನೂ ಒಂದೊಂದಾಗಿ ಒತ್ತಿ ಬಿಡಿ. ಟಕ್ಕನೆ ಮೇಲೆ ಬರಬೇಕು. ನಿಧಾನವಾಗಿ ಬಂದರೆ ಗಾಬರಿ ಬೇಡ, ಒಣಗಿದ ಎಣ್ಣೆ ಇರಬಹುದು, ತೊಳೆದರೆ ಸರಿಹೋಗುತ್ತದೆ. ಆದರೆ ನಡುವಿನದು ಮಾತ್ರ ಸಿಕ್ಕಿಕೊಳ್ಳುತ್ತಿದ್ದರೆ, ಪಕ್ಕಕ್ಕೆ ಚಾಚಿಕೊಂಡಿರುವ ಎರಡನೇ ಸ್ಲೈಡನ್ನು ನೋಡಿ (ಸ್ಲೈಡ್ ಅಂದರೆ ಹೊರಗೆ ಎಳೆಯಬಹುದಾದ ಬಾಗಿದ ಕೊಳವೆ, ಪ್ರತಿ ಪಿಸ್ಟನ್‌ಗೂ ಒಂದೊಂದು ಇರುತ್ತದೆ). ಅದಕ್ಕೆ ಎಲ್ಲೋ ಏಟು ಬಿದ್ದು, ಪಿಸ್ಟನ್ ಕೂರುವ ಕೊಳವೆ ಒಳಗೆ ನೆಗ್ಗಿರುತ್ತದೆ. ಇದು ರಿಪೇರಿಯವರ ಕೆಲಸ, ನಮ್ಮದಲ್ಲ.

ಸವೆತ ಕಂಡುಹಿಡಿಯಲು ಆ ಹಿರಿಯರು ತೋರಿಸಿದ ಉಪಾಯ ಇದು. ಯಾವ ಪಿಸ್ಟನನ್ನೂ ಒತ್ತದೆ, ಮೂರನೇ ಸ್ಲೈಡನ್ನು ಮೆಲ್ಲಗೆ ಹೊರಗೆಳೆಯಿರಿ. ಒಳಗೆ ಗಾಳಿ ಬರಲು ದಾರಿ ಇಲ್ಲದೆ ಅದು ನಿಮ್ಮ ಬೆರಳನ್ನು ವಾಪಸ್ ಎಳೆಯುತ್ತದೆ. ನಾಲ್ಕೈದು ಸೆಕೆಂಡ್ ಹಾಗೇ ಹಿಡಿದು, ಆಮೇಲೆ ಪೂರ್ತಿ ಕಿತ್ತರೆ "ಪಟ್" ಅನ್ನಬೇಕು. ಪಟ್ ಅಂದರೆ ಪಿಸ್ಟನ್ ಬಿಗಿಯಾಗಿದೆ. ಏನೂ ಸದ್ದಿಲ್ಲದೆ ಬಂದುಬಿಟ್ಟರೆ ಗಾಳಿ ಸೋರುತ್ತಿದೆ ಅಂತ. ಸ್ಲೈಡ್ ಸಡಿಲ ಇದ್ದರೂ ಹೀಗಾಗಬಹುದು, ಅದಕ್ಕೇ ಸ್ವಲ್ಪ ಗ್ರೀಸ್ ಹಚ್ಚಿ ಇನ್ನೊಮ್ಮೆ ನೋಡಿ. ನನ್ನ ಹೊಳೆಯುವ ಟ್ರಂಪೆಟ್ ಆವತ್ತು ಎರಡು ಸಲವೂ ಮೌನವಾಗಿತ್ತು.

ಆಮೇಲೆ ಲೀಡ್‌ಪೈಪ್, ಅಂದರೆ ಮೌತ್‌ಪೀಸ್ ಸಿಕ್ಕಿಸುವ ಉದ್ದನೆಯ ಕೊಳವೆ. ಬಾಯಿಯ ಎಂಜಲು, ತೇವ ಎಲ್ಲ ಮೊದಲು ಹೋಗುವುದು ಇಲ್ಲಿಗೇ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು ಅಲ್ವಾ, ವರ್ಷಗಟ್ಟಲೆ ತೊಳೆಯದೆ ಬಿಟ್ಟರೆ ಸತು ಕರಗಿಹೋಗಿ ತಾಮ್ರ ಮಾತ್ರ ಉಳಿಯುತ್ತದೆ, ಹೊರಗೆ ಗುಲಾಬಿ ಬಣ್ಣದ ಚುಕ್ಕೆಗಳು ಕಾಣುತ್ತವೆ. ಉಜ್ಜಿದರೂ ಹೋಗುವುದಿಲ್ಲ. ಅಂಥದ್ದು ಒಳಗಿನಿಂದ ಕೊಳೆತಿದೆ, ಇವತ್ತಲ್ಲ ನಾಳೆ ತೂತು ಬೀಳುತ್ತದೆ. ಹಸಿರು ಕಿಲುಬಿಗೆ ಹೆದರಬೇಡಿ, ಅದು ತೊಳೆದರೆ ಹೋಗುತ್ತದೆ.

ಪಿಸ್ಟನ್‌ಗಳ ಮೂರು, ಶ್ರುತಿ ಮಾಡುವ ದೊಡ್ಡದೊಂದು, ಹೀಗೆ ನಾಲ್ಕು ಸ್ಲೈಡೂ ಕದಲುತ್ತವಾ ನೋಡಿ. ಬೆಲ್, ಅಂದರೆ ಮುಂದಿನ ಅಗಲ ಬಾಯಿಯ ಮೇಲಿನ ಸಣ್ಣಪುಟ್ಟ ನೆಗ್ಗು ಸದ್ದಿಗೆ ಅಷ್ಟೇನೂ ತೊಂದರೆ ಮಾಡುವುದಿಲ್ಲ, ಅದನ್ನು ತೋರಿಸಿ ಬೆಲೆ ಇಳಿಸಿಕೊಳ್ಳಿ.

ಊದಿ ನೋಡುವಾಗ ಫೋನಿನಲ್ಲಿ ಸ್ವರ ಯಾವುದೆಂದು ತೋರಿಸುವ ಟ್ಯೂನರ್ ಆ್ಯಪ್ ಇಟ್ಟುಕೊಳ್ಳಿ. ಪಿಸ್ಟನ್ ಒತ್ತದೆ ಊದಿದರೆ ಬಿ ಫ್ಲ್ಯಾಟ್, ಎಫ್ ಸ್ವರಗಳು ಬರಬೇಕು. ಹಾರ್ಮೋನಿಯಂ ಲೆಕ್ಕದಲ್ಲಿ ಬಿ ಫ್ಲ್ಯಾಟ್ ಅಂದರೆ ಕಪ್ಪು ಐದು. ಹಳೇ ಕಾಲದ ಕೆಲವು ಬ್ರಿಟಿಷ್ ವಾದ್ಯಗಳನ್ನು ಈಗಿನ 440ರ (ಎ ಸ್ವರಕ್ಕೆ ಸೆಕೆಂಡಿಗೆ ಇಷ್ಟು ಕಂಪನ ಅಂತ ಲೆಕ್ಕ) ಬದಲು 452ರ ಆಸುಪಾಸಿನ ಶ್ರುತಿಗೆ ಮಾಡಿದ್ದರು. ಅಂಥದ್ದನ್ನು ತಂದರೆ ನಿಮ್ಮ ಸ್ವರ ಹಾರ್ಮೋನಿಯಂನ ಎರಡು ಮನೆಗಳ ನಡುವೆ ನಿಂತುಬಿಡುತ್ತದೆ, ಬೇರೆಯವರ ಜೊತೆ ನುಡಿಸುವುದು ಕಷ್ಟ.

ತಂದಾಯ್ತು. ಇನ್ನು ತೊಳೆಯುವುದು. ದೊಡ್ಡ ಟಬ್‌ನಲ್ಲಿ ಹಳೇ ಟವೆಲ್ ಹಾಸಿ, ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ. ಬಿಸಿನೀರು ಬೇಡ, ಮೇಲಿನ ಲ್ಯಾಕರ್ ಲೇಪ ಏಳುತ್ತದೆ. ಪಿಸ್ಟನ್‌ಗಳನ್ನು ನೇರವಾಗಿ ಮೇಲೆತ್ತಿ ಬಟ್ಟೆ ಮೇಲೆ ಒಂದು, ಎರಡು, ಮೂರು ಅಂತ ಸಾಲಾಗಿ ಇಡಿ. ಕೆಲವದರ ಮೇಲೆ ಅಂಕಿ ಕೊರೆದಿರುತ್ತದೆ, ಇಲ್ಲದಿದ್ದರೆ ಕಾಗದದ ಮೇಲೆ ಬರೆದು ಅದರ ಮೇಲೇ ಇಡಿ, ಅದಲು ಬದಲಾಗಬಾರದು. ಪಿಸ್ಟನ್ ಮೇಲಿನ ಫೆಲ್ಟ್, ಅಂದರೆ ಮೆತ್ತನೆ ಬಟ್ಟೆಯ ಬಿಲ್ಲೆ, ಒದ್ದೆ ಮಾಡಬೇಡಿ. ಅರ್ಧ ಗಂಟೆ ನೆನೆಸಿ, ಉದ್ದನೆಯ ಬಳುಕುವ ಬ್ರಷ್ ತೂರಿಸಿ ಎಳೆದರೆ ಕಪ್ಪಗೆ, ಲೋಳೆಲೋಳೆಯಾಗಿ ಬರುತ್ತದೆ. ನೀರು ತಿಳಿಯಾಗುವವರೆಗೂ ಮಾಡಿ. ಬೇರೆಯವರು ಊದಿದ ವಾದ್ಯ, ಇದು ಆಗದೆ ನಿತ್ಯ ಬಾಯಿಗಿಡಬೇಡಿ.

ಪಿಸ್ಟನ್‌ಗೆ ಸೋಪು ನೀರು, ಹಳೇ ಪಂಚೆ ಬಟ್ಟೆ, ಇಷ್ಟೇ. ಬ್ರಾಸೋ, ಸ್ಕ್ರಬ್ಬರ್, ಸ್ಯಾಂಡ್‌ಪೇಪರ್ ದಯವಿಟ್ಟು ಮುಟ್ಟಿಸಬೇಡಿ. ಪಿಸ್ಟನ್‌ಗೂ ಅದರ ಕೊಳವೆಗೂ ನಡುವೆ ಇರುವ ಸಂದು ತಲೆಕೂದಲಿಗಿಂತ ಸಣ್ಣದು. ಒಂದು ಸಲ ಉಜ್ಜಿ ಸವೆಸಿದ್ದು ವಾಪಸ್ ಬರುವುದಿಲ್ಲ. ನನ್ನದನ್ನು ಯಾರೋ ಹೀಗೇ ಹೊಳೆಯಿಸಿ ಕೊಂದಿದ್ದರು. ಹುಣಸೆಹಣ್ಣು ದೇವರ ಮನೆಯ ದೀಪಕ್ಕೆ ಸರಿ, ಟ್ರಂಪೆಟ್‌ಗಲ್ಲ, ಅದರಲ್ಲೂ ಕೊಳವೆಯ ಒಳಗಂತೂ ಬೇಡವೇ ಬೇಡ.

ಸ್ಲೈಡ್ ಕಚ್ಚಿಕೊಂಡಿದ್ದರೆ ಸಂದಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಹಾಗೇ ಇಡಿ. ಮರುದಿನ ಸ್ಲೈಡಿನ ಬಾಗಿದ ಭಾಗದೊಳಗೆ ಹತ್ತಿ ಬಟ್ಟೆ ತೂರಿಸಿ, ಆ ಸ್ಲೈಡಿನ ಪಿಸ್ಟನ್ ಒತ್ತಿಕೊಂಡು, ನೇರವಾಗಿ ಜಗ್ಗಿ. ಮೌತ್‌ಪೀಸ್ ಸಿಕ್ಕಿಕೊಂಡಿದ್ದರೆ ಮಾತ್ರ ಕಟಿಂಗ್ ಪ್ಲೇಯರ್ ಹಿಡಿದು ತಿರುಗಿಸಬೇಡಿ, ಲೀಡ್‌ಪೈಪೇ ತಿರುಚಿಹೋಗುತ್ತದೆ. ಅದನ್ನು ಎಳೆಯಲೆಂದೇ ಒಂದು ಸಾಧನ ಇದೆ, ವಾದ್ಯ ರಿಪೇರಿಯವರ ಹತ್ತಿರ ಇರುತ್ತದೆ.

ಒಣಗಿದ ಮೇಲೆ ಸ್ಲೈಡ್‌ಗಳಿಗೆ ವ್ಯಾಸಲಿನ್ ನಡೆಯುತ್ತದೆ. ಪಿಸ್ಟನ್‌ಗೆ ಅದಕ್ಕೆಂದೇ ಸಿಗುವ ವಾಲ್ವ್ ಆಯಿಲ್ಲೇ ಬೇಕು, ಒಂದೊಂದಕ್ಕೆ ನಾಲ್ಕೈದು ಹನಿ. ಕೊಬ್ಬರಿ ಎಣ್ಣೆ ಹಾಕುವವರಿದ್ದಾರೆ. ಅದು 24 ಡಿಗ್ರಿಯ ಹತ್ತಿರ ಗಟ್ಟಿಯಾಗುವ ಎಣ್ಣೆ, ಡಿಸೆಂಬರ್ ಬೆಳಿಗ್ಗೆ ಪಿಸ್ಟನ್ ಕದಲುವುದೇ ಇಲ್ಲ. ಪಿಸ್ಟನ್ ಒಳಗಿಟ್ಟು ಮೆಲ್ಲಗೆ ತಿರುಗಿಸಿ, ಕ್ಲಿಕ್ ಅಂತ ಕೂರುತ್ತದೆ. ಊದಿದಾಗ ಗಾಳಿಯೇ ಮುಂದೆ ಹೋಗದಿದ್ದರೆ ವಾದ್ಯ ಕೆಟ್ಟಿಲ್ಲ, ಯಾವುದೋ ಪಿಸ್ಟನ್ ತಪ್ಪಾಗಿ ಕೂತಿದೆ, ಇನ್ನೊಮ್ಮೆ ತೆಗೆದು ಹಾಕಿ.

ಮೌತ್‌ಪೀಸ್ ಹೊಸದೇ ತಗೊಳ್ಳಿ. ಶುರುವಿಗೆ 7ಸಿ ಅಳತೆಯದು ಅಂತ ಕೇಳಿ, ಸಾಕು. ನೀರು ಬಿಡುವ ಕೀಲಿಯ ಕೆಳಗಿನ ಬಿರಡೆ ಹರಿದಿದ್ದರೆ ಅದನ್ನೂ ಬದಲಿಸಿ. ನನ್ನ ಎರಡನೇ ಟ್ರಂಪೆಟ್‌ನಲ್ಲಿ ಇಷ್ಟೆಲ್ಲ ಮಾಡಿ ಮುಗಿಸಿದ ಮೇಲೂ ಸ್ವರ ನಡುಗುತ್ತಿತ್ತು, ಒದ್ದೆ ಬೆರಳನ್ನು ಆ ಬಿರಡೆ ಹತ್ತಿರ ಹಿಡಿದಾಗ ತಣ್ಣಗೆ ಗಾಳಿ ತಾಕಿತು. ಕಡಲೆಬೀಜದಷ್ಟು ಬಿರಡೆ ಬದಲಿಸಿದೆ. ಬೆಲ್ ಮೇಲೆ ಈಗಲೂ ಎರಡು ನೆಗ್ಗು, ಅರ್ಧ ಲ್ಯಾಕರ್ ಹೋಗಿದೆ, ದಿನಾ ಸಂಜೆ ಅದನ್ನೇ ಊದುತ್ತೇನೆ.