ಮನದೊಳಗಿನ ಮಾತನ್ನು ಇಇಜಿಯಲ್ಲಿ ಹುಡುಕಿದ ಬಗೆ

ತುಟಿ ಅಲುಗಿಸದೆ ಮನಸ್ಸಿನಲ್ಲೇ ಆಡಿಕೊಂಡ ಪದವನ್ನು ಮಿದುಳಿನ ವಿದ್ಯುತ್ ಸಂಕೇತಗಳಿಂದ ಗುರುತಿಸಲು ಸಾಧ್ಯವೇ ಎಂಬುದನ್ನು ನನ್ನ ಮನೆಯ ಕಂಪ್ಯೂಟರಿನಲ್ಲೇ ಪರೀಕ್ಷಿಸಿ ನೋಡಿದೆ. ಅರ್ಜೆಂಟೀನಾದ ಸಂಶೋಧಕರು 2022ರಲ್ಲಿ ಪ್ರಕಟಿಸಿ ಎಲ್ಲರಿಗೂ ಮುಕ್ತವಾಗಿಟ್ಟ ಇಇಜಿ (ನೆತ್ತಿಯ ಮೇಲಿಂದ ಅಳೆದ ಮಿದುಳಿನ ವಿದ್ಯುತ್ ಸಂಕೇತ) ದತ್ತಾಂಶವೇ ಇದಕ್ಕೆ ಆಧಾರ. ಅದರಲ್ಲಿ 10 ಮಂದಿ ಆರೋಗ್ಯವಂತರು, ಸಂಕೇತ ಹಿಡಿಯುವ 128 ಎಲೆಕ್ಟ್ರೋಡ್‌ಗಳ ಟೋಪಿ ಧರಿಸಿ, ಮೇಲೆ, ಕೆಳಗೆ, ಬಲ, ಎಡ ಎಂಬ ಅರ್ಥದ ನಾಲ್ಕು ಸ್ಪ್ಯಾನಿಷ್ ಪದಗಳನ್ನು ಒಳಗೊಳಗೇ ಹೇಳಿಕೊಂಡಿದ್ದಾರೆ. ಯಾವ ಪದವೆಂದು ತಿಳಿಸಲು ಪರದೆಯ ಮೇಲೆ ಅರ್ಧ ಸೆಕೆಂಡು ಒಂದು ತ್ರಿಕೋನ ಆ ದಿಕ್ಕಿಗೆ ಮುಖಮಾಡಿ ಕಾಣಿಸಿಕೊಳ್ಳುತ್ತದೆ. ಅನಂತರದ ಎರಡೂವರೆ ಸೆಕೆಂಡು ಮಾತಿಗೆ ಮೀಸಲು.

ತೊಡಕಿರುವುದು ಈ ಪದಗಳ ಆಯ್ಕೆಯಲ್ಲೇ ಎಂಬುದು ನನ್ನ ಅಭಿಪ್ರಾಯ. ‘ಬಲ’ ಎಂದುಕೊಳ್ಳುವಾಗ ಕಣ್ಣುಗುಡ್ಡೆ ಬಲಕ್ಕೆ ತುಸು ಸರಿದರೂ ಸಾಕು, ಮಿದುಳಿನ ಸಂಕೇತಕ್ಕಿಂತ ಹಲವು ಪಟ್ಟು ದೊಡ್ಡದಾದ ಅಲೆಯೊಂದು ಹಣೆಯ ಬಳಿಯ ಎಲೆಕ್ಟ್ರೋಡ್‌ಗಳಲ್ಲಿ ಮೂಡುತ್ತದೆ, ಮತ್ತು ದತ್ತಾಂಶದಿಂದ ಕಲಿಯುವ ಯಂತ್ರಕ್ಕೆ, ಅಂದರೆ ಕಂಪ್ಯೂಟರ್ ಪ್ರೋಗ್ರಾಮಿಗೆ, ಮಾತು ಯಾವುದು, ನೋಟ ಯಾವುದು ಎಂಬ ಭೇದವಿಲ್ಲ. ಪುಣ್ಯಕ್ಕೆ, ಕಣ್ಣು ಮತ್ತು ಬಾಯಿಯ ಚಲನೆಯನ್ನು ದಾಖಲಿಸಿದ ಪ್ರತ್ಯೇಕ ಎಲೆಕ್ಟ್ರೋಡ್‌ಗಳೂ ಅದೇ ದತ್ತಾಂಶದಲ್ಲಿವೆ. ಆದ್ದರಿಂದ ಮಿದುಳಿನ ಸಂಕೇತಗಳನ್ನು ಮುಟ್ಟುವ ಮೊದಲೇ ಕಣ್ಣಿನವುಗಳನ್ನು ಮಾತ್ರ ಕೊಟ್ಟು ಪದವನ್ನು ಊಹಿಸಲು ಯಂತ್ರಕ್ಕೆ ಬಿಟ್ಟೆ. ಯಾರ ದಾಖಲೆಯಲ್ಲಿ ಆ ಊಹೆ ಚೆನ್ನಾಗಿ ಕೂಡಿಬಂತೋ ಅವರ ಉಳಿದ ಫಲಿತಾಂಶವನ್ನೆಲ್ಲ ಅನುಮಾನದಿಂದಲೇ ನೋಡಿದೆ. ತ್ರಿಕೋನ ಕಾಣುವ ಅರ್ಧ ಸೆಕೆಂಡನ್ನೂ, ಅದು ಮರೆಯಾದ ಮೇಲಿನ ಸ್ವಲ್ಪ ಹೊತ್ತನ್ನೂ ಕತ್ತರಿಸಿಬಿಟ್ಟೆ. ಇಲ್ಲವಾದರೆ ಓದಿದಂತಾಗುವುದು ಕಂಡ ಚಿತ್ರವೇ.

ಒಬ್ಬೊಬ್ಬರ ದಾಖಲೆ ಮೂರು ಅವಧಿಗಳಲ್ಲಿದೆ. ಯಂತ್ರದ ತರಬೇತಿಗೆ ಎರಡು ಅವಧಿಗಳ ದಾಖಲೆ, ಪರೀಕ್ಷೆಗೆ ಮೂರನೆಯದು ಎಂದು ವಿಂಗಡಿಸಿದೆ. ಎಲ್ಲವನ್ನೂ ಕಲಸಿ ಹಂಚಿದರೆ ಅಂಕ ಏರಬಹುದು, ಆದರೆ ಎಲೆಕ್ಟ್ರೋಡ್‌ಗಳ ಕೆಳಗೆ ಹಚ್ಚಿದ ಜೆಲ್ ಒಣಗಿದಂತೆ, ಕುಳಿತವರು ದಣಿದಂತೆ ಸಂಕೇತ ಬದಲಾಗುವುದರಿಂದ ಯಂತ್ರ ಕಲಿತದ್ದು ಪದವನ್ನೋ ಹೊತ್ತನ್ನೋ ಹೇಳಲಾಗದು. ವಿಧಾನ ಸರಳವಾದದ್ದೇ: ಎಲೆಕ್ಟ್ರೋಡ್‌ಗಳ ನಡುವಿನ ಸಹವ್ಯತ್ಯಯ ಕೋಷ್ಟಕ (ಯಾವ ಎರಡರ ಸಂಕೇತ ಎಷ್ಟರಮಟ್ಟಿಗೆ ಜೊತೆಜೊತೆಗೆ ಏರಿಳಿಯುತ್ತದೆ ಎಂಬ ಪಟ್ಟಿ), ಅದರ ಮೇಲೊಂದು ರೇಖೀಯ ವರ್ಗೀಕರಣ, ಅಂದರೆ ನೇರ ಗೆರೆ ಎಳೆದು ಗುಂಪುಗಳನ್ನು ಬೇರ್ಪಡಿಸುವ ಲೆಕ್ಕ.

ನಾಲ್ಕು ಪದಗಳಿರುವಾಗ ಕಣ್ಣುಮುಚ್ಚಿ ಹೇಳಿದರೂ 25% ಸರಿಯಾಗುತ್ತದೆ. ಒಬ್ಬೊಬ್ಬರಿಗೆ ಇರುವುದು ಸುಮಾರು 200 ಯತ್ನಗಳಾದ್ದರಿಂದ ಬರೀ ಅದೃಷ್ಟದಿಂದಲೇ 30% ತಲುಪುವುದೂ ಅಪರೂಪವಲ್ಲ. ಪದಗಳ ಗುರುತುಗಳನ್ನು ಮತ್ತೆ ಮತ್ತೆ ಅದಲುಬದಲು ಮಾಡಿ, ಆಗ ಬರೀ ಅದೃಷ್ಟದಿಂದ ಬರುವ ಅಂಕಗಳೊಂದಿಗೆ ಹೋಲಿಸಿದಾಗ, ಕೆಲವೇ ಮಂದಿಯ ಫಲಿತಾಂಶ ಆ ಗೆರೆಯನ್ನು ದಾಟಿತು, ಅದೂ ಅಲ್ಪ ಅಂತರದಿಂದ. ಅಷ್ಟನ್ನು ನಂಬಿ ಮಾತು ಕಳೆದುಕೊಂಡವರ ಕೈಗೆ ಒಂದು ಸಾಧನವನ್ನು ಕೊಡಲು ನಾನು ಒಪ್ಪುವುದಿಲ್ಲ. ತಲೆಬುರುಡೆ ಸಂಕೇತವನ್ನು ಹರಡಿ ಮಸುಕಾಗಿಸುತ್ತದೆ. ಆ ನಷ್ಟವನ್ನು ಯಾವ ಗಣಿತವೂ ಪೂರ್ತಿ ತುಂಬಿಕೊಡದು.

ಬುರುಡೆಯೊಳಗೆ ಇಳಿದರೆ ಕಥೆ ಬೇರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೇಹದ ಚಲನೆಯನ್ನು ನಿಯಂತ್ರಿಸುವ ಮಿದುಳಿನ ಭಾಗದಲ್ಲಿ ಸೂಕ್ಷ್ಮ ಎಲೆಕ್ಟ್ರೋಡ್‌ಗಳನ್ನು ಅಳವಡಿಸಿಕೊಂಡ ನಾಲ್ವರ ಮನದ ಮಾತನ್ನು ಓದಲಾಗಿದ್ದು, 1,25,000 ಪದಗಳ ಕೋಶದಿಂದ ವಾಕ್ಯಗಳನ್ನು ಗುರುತಿಸುವಾಗ ನಿಖರತೆ ಅತಿಹೆಚ್ಚೆಂದರೆ 74% ಮುಟ್ಟಿದೆ. ಹೇಳಬಯಸದ ಯೋಚನೆ ಹೊರಬೀಳದಂತೆ, ಮನಸ್ಸಿನಲ್ಲೇ ಗುಪ್ತಪದವೊಂದನ್ನು ಹೇಳಿಕೊಂಡರೆ ಮಾತ್ರ ಯಂತ್ರ ಓದಲು ತೊಡಗುವ ಏರ್ಪಾಡನ್ನೂ ಅವರು ಪರೀಕ್ಷಿಸಿದ್ದಾರೆ. ನನಗೆ ಶೇಕಡಾವಾರು ಅಂಕಿಗಿಂತ ಮುಖ್ಯವೆನಿಸಿದ್ದು ಇದೇ.

ಶಸ್ತ್ರಚಿಕಿತ್ಸೆ ಬೇಡವೆನ್ನುವ ಕುಟುಂಬದವರು ಕೇಳಿದರೆ, ಕಣ್ಣಿನ ಚಲನೆ ಉಳಿದಿರುವವರೆಗೆ ನೋಟದಿಂದ ಅಕ್ಷರ ಆಯುವ ಫಲಕವನ್ನೇ ಮೊದಲು ಪ್ರಯತ್ನಿಸಿ ಎನ್ನುತ್ತೇನೆ. ನಾನು ಅನುಮಾನದಿಂದ ನೋಡಿದ ಕಣ್ಣಿನ ಚಲನೆಯೇ ಅಲ್ಲಿ ಕೆಲಸಕ್ಕೆ ಬರುತ್ತದೆ.