ಯಕೃತ್ ಪದದ ಮೂಲರೂಪ: ಷಷ್ಠೀ ವಿಭಕ್ತಿಯಿಂದ ಶುರು ಮಾಡಿದ ನನ್ನ ಅನುಭವ

ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೊದಲಾದ ಇಂಡೋ-ಯುರೋಪಿಯನ್ ಭಾಷೆಗಳಲ್ಲಿ ಅಂಗಗಳ ಹೆಸರುಗಳನ್ನು ಕಾರ್ಡುಗಳ ಮೇಲೆ ಬರೆದು ಹೋಲಿಸಿ, ಅವುಗಳ ಕಳೆದುಹೋದ ಮೂಲರೂಪ ಹುಡುಕುತ್ತಿದ್ದೆ. ಆ ಪಟ್ಟಿಯಲ್ಲಿ ಪಾದ, ದಂತ, ಜಾನು (ಮೊಣಕಾಲು) ಬಿಟ್ಟು ಯಕೃತ್ತಿಗೆ (ಲಿವರ್) ಕೈ ಹಾಕಿದರೆ ಕೈ ಸುಟ್ಟುಕೊಳ್ಳುತ್ತೀಯ ಅಂದವರೇ ಹೆಚ್ಚು. ಕಾರ್ಡುಗಳನ್ನು ಕನ್ನಡ ಲಿಪಿಯಲ್ಲಿ ಬರೆಯುತ್ತೇನೆ ಅಂದಾಗಂತೂ ನಕ್ಕರು. ಕೊನೆಗೆ ಲೆಕ್ಕ ಕೂಡಿಬಂದದ್ದು ಆ ಲಿಪಿಯಿಂದಲೇ.

ಮೊದಲ ಸುತ್ತು ಪೂರ್ತಿ ದಂಡ. ಪ್ರಥಮಾ ವಿಭಕ್ತಿಯ ರೂಪಗಳನ್ನಷ್ಟೇ ಸಾಲಾಗಿಟ್ಟಿದ್ದೆ: ಸಂಸ್ಕೃತ ಯಕೃತ್, ಗ್ರೀಕ್ ಹೇಪರ್, ಲ್ಯಾಟಿನ್ ಯೆಕುರ್, ಪ್ರಾಚೀನ ಇರಾನಿನ ಅವೆಸ್ತಾದ ಯಾಕರ. ಕ-ಪ ಜಗಳ ಬೇಗ ತೀರುತ್ತದೆ. ಮೂಲದ ಕ್ವ ಗ್ರೀಕಿನಲ್ಲಿ ಪ, ಸಂಸ್ಕೃತದಲ್ಲಿ ಬರೀ ಕ, ಲ್ಯಾಟಿನ್ನಿನಲ್ಲಿ ಉಕಾರದ ಮುಂದೆ ವ ಉದುರುತ್ತದೆ. ಆದರೆ ಲಿಥುವೇನಿಯನ್ನಿನ ಯೆಕ್ನೋಸ್ ಬಂದು ಕೂತಿತು ನೋಡಿ, ರಕಾರವೇ ಇಲ್ಲ! ಇಂಗ್ಲಿಷಿನ ಲಿವರ್ ಅನ್ನೂ ಸೇರಿಸಿದ್ದು ಇನ್ನೊಂದು ಎಡವಟ್ಟು. ಅರ್ಥ ಒಂದೇ, ಧಾತು ಬೇರೆ. ಮಟನ್ ಅಂಗಡಿಯ ಕಲೀಜವೂ ಈ ಗುಂಪಿನದಲ್ಲ.

ಎರಡನೇ ಸುತ್ತಿನಲ್ಲಿ ಷಷ್ಠಿಯ ಕಾಲಮ್ಮನ್ನೇ ಮೊದಲು ತುಂಬಿದೆ, ಯೆಕ್ನೋಸ್‌ನ ನಕಾರ ಅಲ್ಲಿತ್ತು: ಯಕ್ನಃ, ಹೇಪತೊಸ್, ಯೆಕಿನೊರಿಸ್. ಗ್ರೀಕಿನ ಆ ಅಕಾರ ಸ್ವರವಾಗಿ ನಿಂತ ನಕಾರ, ತಕಾರ ಆಮೇಲೆ ಅಂಟಿಸಿದ್ದು. ಲ್ಯಾಟಿನ್ನಿನವರು ಹಳೆಯ ನಕಾರದ ಪಕ್ಕಕ್ಕೇ ಪ್ರಥಮಾದ ರಕಾರ ಹೊಲಿದುಬಿಟ್ಟಿದ್ದಾರೆ. ಪ್ರಥಮೆ, ದ್ವಿತೀಯೆಗಳಿಗೆ ರ, ಉಳಿದ ವಿಭಕ್ತಿಗಳಿಗೆ ನ. ಇಂದಿನ ಟರ್ಕಿಯಲ್ಲಿ ಹಿಂದೆ ಇದ್ದ ಹಿಟ್ಟೈಟ್ ಭಾಷೆಯಲ್ಲಿ ನೀರಿಗೆ ವಾತರ್, ಷಷ್ಠಿಯಲ್ಲಿ ವೆತೆನಸ್, ಅದೇ ಜಾಯಮಾನ. ನಮ್ಮ ಅಸೃಕ್-ಅಸ್ನಃ (ರಕ್ತ) ಕೂಡ. ಪಾಣಿನಿ ಅಷ್ಟಾಧ್ಯಾಯಿಯ 6.1.63ರಲ್ಲಿ 'ಯಕನ್' ಅನ್ನು ಆದೇಶವಾಗಿ (ಬದಲಿ ರೂಪವಾಗಿ) ಪಟ್ಟಿ ಮಾಡಿಟ್ಟಿದ್ದಾನೆ, ಋಗ್ವೇದ 10.163.3ರಲ್ಲಿ ಯಕ್ಷ್ಮ ರೋಗ ಕೀಳುವ ಮಂತ್ರದಲ್ಲಿ 'ಯಕ್ನಃ' ಕಣ್ಣಿಗೆ ರಾಚುತ್ತದೆ (ಅಲ್ಲಿ ಪಂಚಮಿ, ರೂಪ ಅದೇ). ಅದನ್ನು ನೋಡದೆ ತಿಂಗಳುಗಟ್ಟಲೆ ಕಳೆದೆ.

ಉಳಿದದ್ದು ಸ್ವರ. ಗ್ರೀಕಿನಲ್ಲಿ ಏ, ಲ್ಯಾಟಿನ್ನಿನಲ್ಲಿ ಎ. ಅವೆಸ್ತಾದಲ್ಲಿ ಆ, ಸಂಸ್ಕೃತದಲ್ಲಿ ಅ. ದೇವನಾಗರಿ ಕಾರ್ಡಿನಲ್ಲಿ ಎ-ಏ ಎರಡೂ ಒಂದೇ ಥರ ಕಾಣುತ್ತಿದ್ದವು, ಕನ್ನಡದಲ್ಲಿ ಬರೆದ ಕೂಡಲೇ ಬಿರುಕು ಕಂಡಿತು. ಪ್ರಥಮೆಯಲ್ಲಿ ದೀರ್ಘ, ಷಷ್ಠಿಯಲ್ಲಿ ಹ್ರಸ್ವ (ನಕ್ಷತ್ರ ಗುರುತು ಅಂದರೆ ಊಹಿಸಿ ಕಟ್ಟಿದ ರೂಪ): *ಯೇಕ್ವೃ, *ಯೆಕ್ವ್ನ್‌ಸ್. ಆಮೇಲೆ ಒಂದೊಂದು ಭಾಷೆ ಒಂದೊಂದನ್ನು ಎಲ್ಲ ಕಡೆಗೂ ಎಳೆದುಕೊಂಡಿದೆ. ಮೊದಲಲ್ಲಿ, ಯಕಾರದ ಮುಂದೆ, ಗಂಟಲಿನ ಆಳದ ಧ್ವನಿಯೊಂದು (ಲ್ಯಾರಿಂಜಿಯಲ್) ಇತ್ತೋ ಇಲ್ಲವೋ ಎಂಬ ತಕರಾರು ಇದ್ದೇ ಇದೆ. ನೊಗ ಎಂಬರ್ಥದ ಸಂಸ್ಕೃತ ಯುಗಕ್ಕೆ ಗ್ರೀಕಿನಲ್ಲಿ ಜ಼ುಗೊನ್, ಯಕೃತ್ತಿಗೆ ಹಕಾರ. ಒಂದೇ ಯ, ಎರಡು ದಾರಿ. ನಾನು ಧ್ವನಿ ಇತ್ತು ಅನ್ನುವ ಕಡೆ.

ಖರ್ಚು? ವ್ಯುತ್ಪತ್ತಿ ನಿಘಂಟುಗಳು ಐದಂಕಿಗೆ ಹೋಗುತ್ತವೆ, ಕೊಂಡಿದ್ದು ಒಂದೇ, ಅದೂ ಪಶ್ಚಾತ್ತಾಪಪಟ್ಟು. ಮೋನಿಯರ್ ವಿಲಿಯಮ್ಸ್ ನಿಘಂಟು ಕಲೋನ್ ವಿಶ್ವವಿದ್ಯಾಲಯದ ತಾಣದಲ್ಲಿ ಪುಕ್ಕಟೆ. ಕಾರ್ಡು, ಜೆರಾಕ್ಸ್ ಸೇರಿ ಏಳೆಂಟು ನೂರು. ಕಾರ್ಡುಗಳನ್ನು ಯಾವ ಕ್ರಮದಲ್ಲಿ ತಿರುವಿದರೆ ಸುಳ್ಳು ಸಂಬಂಧಿಗಳು ತಾವೇ ಉದುರುತ್ತವೆ ಅನ್ನುವುದು ಸದ್ಯ ನನ್ನಲ್ಲೇ ಇರಲಿ.

ಇದೇ ಬಿಸಿಯಲ್ಲಿ ಹೃದಯಕ್ಕೂ ಕೈ ಹಾಕಿದೆ. ಗ್ರೀಕ್ ಕಾರ್ದಿಯಾ, ಲ್ಯಾಟಿನ್ ಕೊರ್ದ್-. ಲೆಕ್ಕದ ಪ್ರಕಾರ ಸಂಸ್ಕೃತದಲ್ಲಿ ಶಕಾರ ಬರಬೇಕು, ಬಂದದ್ದು ಹಕಾರ. ಇರಾನಿನ ಕಡೆಯೂ ಇದೇ ಗಂಟು. ಸರಿಯಾದ ಶಕಾರ 'ಶ್ರದ್ಧಾ'ದೊಳಗೆ ಅಡಗಿ ಕೂತಿದೆ ಅನ್ನುವುದು ಹಲವರ ಮತ. ಲ್ಯಾಟಿನ್ ಕ್ರೇದೋ (ನಂಬುತ್ತೇನೆ) ಅದರ ಜೋಡಿ. ಹಕಾರ ಎಲ್ಲಿಂದ ಬಂತು ಅನ್ನುವ ಕಾರ್ಡು ಇನ್ನೂ ಖಾಲಿ.

ಅಂದಹಾಗೆ ಪರ್ಷಿಯನ್ ಭಾಷೆಯ ಜಿಗರ್ ಯಕೃತ್ತಿನ ಮನೆಯದೇ. ನಮ್ಮ ಹುಡುಗರ ಜಿಗ್ರಿ ದೋಸ್ತ್ ಮತ್ತು ಆಸ್ಪತ್ರೆಯ ಹೆಪಟೈಟಿಸ್ ದಾಯಾದಿಗಳು.